ಅಂತರಸನಹಳ್ಳಿಯ ಉಪ್ಪುನೀರು

ಒಂದು ಲೀಟರ್ ನೀರಿಗೆ ಮೂವತ್ತೈದು ಗ್ರಾಂ ಕಲ್ಲುಪ್ಪು.
ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ
ಸಮುದ್ರ ಮಾಡುವುದು ಹೀಗೆ.
ಅಯೋಡಿನ್ ಬೆರೆಸಿದ ಪುಡಿಯುಪ್ಪು ಕೂಡದು,
ಬೆಳ್ಳಿಗೆ ಒಗ್ಗುವುದಿಲ್ಲವೆಂದು ಮೊದಲ ದಿನವೇ ಹೇಳಿಕೊಟ್ಟರು.
ಮಂಡಿಪೇಟೆಯ ಗೋಣಿಯಿಂದ ನಾನೇ ಅಳೆಸಿ ತರುತ್ತೇನೆ;
ಸೆಟ್ಟರು ಕೇಳುತ್ತಾರೆ,
ಇಷ್ಟು ಉಪ್ಪಿನಕಾಯಿ ಯಾರು ತಿಂತಾರಮ್ಮ?

ಇಪ್ಪತ್ತೆರಡು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿದ ಕೈ ಇದು.
ಫ್ಯಾಕ್ಟರಿ ಮುಚ್ಚಿದ ಮೇಲೆ ಕೊಂಚ ದಿನ ಹೂಬತ್ತಿ ಹೊಸೆಯಿತು.
ಈಗ ಬೆಳ್ಳಿ ತಂತಿಯನ್ನು ಪೆನ್ಸಿಲಿಗೆ ಸುತ್ತಿ
ಆಸಿಡ್ಡಿಗಿಳಿಸಿ, ಸಣ್ಣಗೆ ಕರೆಂಟು ಬಿಟ್ಟು ಕಾಯುತ್ತೇನೆ.
ಮೊದಲು ಹೊಳಪು ಹೋಗುತ್ತದೆ; ಆಮೇಲೆ ಬೂದಿ;
ಆಮೇಲೆ ನೇರಳೆ ತಿಂದ ನಾಲಗೆಯ ಬಣ್ಣ.
ಅಲ್ಲಿಗೆ ಸಾಕು. ಹೊಳೆಯುವ ಬೆಳ್ಳಿಗೆ ಕಡಲು ಕೇಳಿಸದು.
ಬಿಸಿಲು ಕಂಡರೂ ಕೆಡುತ್ತದೆ; ಕಪ್ಪು ಬಟ್ಟೆ ಸುತ್ತಿ
ಬಾಣಂತಿಯ ಹಾಗೆ ಕತ್ತಲಲ್ಲಿಡಬೇಕು.

ಇದೆಲ್ಲ ಯಾಕಕ್ಕಾ ಎಂದಳು ಮುಬೀನಾ,
ಐಟಿಐ ಮುಗಿಸಿ ಬಂದ ಹುಡುಗಿ.
ನಾನು ಕೇಳಿಸಿಕೊಂಡಿದ್ದನ್ನೇ ಹೇಳಿದೆ:
ಭೂಮಿ ಒಂದು ಅಯಸ್ಕಾಂತ.
ಉಪ್ಪುನೀರು ತಂತಿಯಿದ್ದ ಹಾಗೆ.
ನಿಮ್ಮಪ್ಪನ ಸೈಕಲ್ ಡೈನಮೊ ನೆನೆಸಿಕೊ,
ಕಡಲು ಹರಿದಲ್ಲೆಲ್ಲ ಅದು ತಿರುಗುತ್ತಲೇ ಇದೆ,
ದೀಪ ಹತ್ತುವುದಿಲ್ಲ, ಅಷ್ಟು ಸಣ್ಣದು.
ಅದಕ್ಕೇ ಇವು, ಕೇಬಲ್ಲಿನ ಎರಡು ತುದಿಗೆ ಎರಡು:
ಇಲ್ಲಿಗೂ ಅಲ್ಲಿಗೂ ಎಷ್ಟು ವ್ಯತ್ಯಾಸ
ಅಷ್ಟೇ ಹೇಳಬೇಕು. ತಮ್ಮದೇನನ್ನೂ ಸೇರಿಸಬಾರದು.

ಅದೇ ಕಷ್ಟ.
ಒಂದೇ ತಂತಿಯ ತುಂಡುಗಳು, ಒಂದೇ ಆಸಿಡ್ಡು, ಒಂದೇ ಹೊತ್ತು,
ಆದರೂ ಬಕೆಟ್ಟಿಗೆ ಬಿಟ್ಟರೆ ಒಂದಕ್ಕೊಂದು ಮುನಿಸು.
ನಾಲ್ಕು ದಿನ ಮೀಟರು ನೋಡಿ ಬರೆಯುತ್ತೇನೆ.
ಹತ್ತು ಮೈಕ್ರೊವೋಲ್ಟಿನೊಳಗೆ ನಿಂತರೆ ಜೋಡಿ.
ಇಲ್ಲದಿದ್ದರೆ ಬೇರೆ ಗಂಡು ನೋಡಕ್ಕಾ, ಅನ್ನುತ್ತಾಳೆ.
ಕೂಡಿದ್ದನ್ನು ತಂತಿಗೆ ತಂತಿ ಹೆಣೆದು ನೀರಲ್ಲೇ ಮಲಗಿಸುತ್ತೇವೆ;
ಉಳಿದ ಸಣ್ಣಪುಟ್ಟ ಜಗಳ ರಾತ್ರಿಯಲ್ಲಿ ತೀರಲಿ ಎಂದು.

ಮಾಘದಲ್ಲಿ ಹದಿನೇಳನೇ ಜೋಡಿ
ರಾತ್ರಿ ಎರಡಕ್ಕೆ ಏರಿ ಐದಕ್ಕೆ ಇಳಿಯಿತು.
ಮರುದಿನವೂ. ಅದರ ಮರುದಿನವೂ.
ಕಾಗದದ ಮೇಲೆ ಬೆರಳಿಟ್ಟು ಮುಬೀನಾ ಪಿಸುಗುಟ್ಟಿದಳು:
ಅಕ್ಕಾ, ಉಬ್ಬರ.
ಇಬ್ಬರೂ ಬಕೆಟ್ಟನ್ನೇ ನೋಡುತ್ತ ನಿಂತೆವು,
ಉಸಿರು ಬಿಟ್ಟರೆ ಅಲೆ ಎದ್ದೀತೆಂಬಂತೆ.
ಆದರೆ ನಾನು ಗಡಿಯಾರದವಳು.
ಕಡಲು ದಿನಕ್ಕೆ ಐವತ್ತು ನಿಮಿಷ ತಡ ಮಾಡುತ್ತದಂತೆ;
ಇದು ಎರಡಕ್ಕೆಂದರೆ ಎರಡಕ್ಕೇ.
ಚಂದ್ರನಿಗಿಲ್ಲದ ಶಿಸ್ತು ಬೆಸ್ಕಾಮಿಗೆ!
ಪಕ್ಕದ ತೋಟದ ಬೋರು. ತ್ರೀ ಫೇಸ್ ಬರುವ ಹೊತ್ತು.
ಸೋರಿದ ಕರೆಂಟು ನೆಲ ಹಿಡಿದು ಬಂದಿತ್ತು.
ಬಕೆಟ್ಟಿನ ಕೆಳಗೆ ರಬ್ಬರು ಹಾಸಿದೆವು.
ಪುಸ್ತಕದಲ್ಲಿ ಬರೆದೆ: ಸಮುದ್ರವಲ್ಲ, ರಂಗಧಾಮಯ್ಯನ ಪಂಪು.

ಹೋದ ವಾರ ಒಂಬತ್ತನೇ ಜೋಡಿ ವಾಪಸ್ಸು ಬಂತು,
ಹದಿನಾಲ್ಕು ತಿಂಗಳು ಕಡಲ ತಳದಲ್ಲಿದ್ದು.
ಪೆಟ್ಟಿಗೆ ತೆರೆದರೆ ಶೆಡ್ಡು ತುಂಬ ಮೀನಿನ ವಾಸನೆ.
ಒಂದರ ಕವಚಕ್ಕೆ ಹಲ್ಲಿನಂಥ ಚಿಪ್ಪು ಕಚ್ಚಿತ್ತು,
ಇನ್ನೊಂದು ಬರಿದು.
ಬಕೆಟ್ಟಿಗೆ ಬಿಟ್ಟೆ. ಮೀಟರು ತೋರಿಸಿದ್ದು ನಾಲ್ಕು.
ಇಲ್ಲಿಂದ ಹೋಗುವಾಗ ಆರಿತ್ತು.

ಬಾಗಿಲಿಗೆ ಬಂದರೆ ದೇವರಾಯನದುರ್ಗ ಕಾಣುತ್ತದೆ.
ಅದೇ ಬೆಟ್ಟದ ಜಯಮಂಗಲಿ ಬಡಗಲಿಗಿಳಿದು ಪೆನ್ನಾರಿನ ಪಾಲು,
ಶಿಂಷಾ ತೆಂಕಲಿಗೆ ಹೊರಟು ಕಾವೇರಿಯ ಪಾಲು;
ಹರಿದ ವರ್ಷ ಹರಿದು, ನಿಂತ ವರ್ಷ ನಿಂತು,
ಎರಡೂ ಒಂದೇ ಕಡಲಿಗೆ, ನೂರಾರು ಮೈಲಿ ಆಚೀಚೆ.
ಆ ಎರಡು ತುದಿಗೆ ಯಾರಾದರೂ ಮೀಟರು ಹಿಡಿದಿದ್ದಾರೋ ಏನೋ.

ಚಿಪ್ಪನ್ನು ಬ್ಲೇಡಿನಿಂದ ಬಿಡಿಸಿದೆ. ಎಸೆಯಲಿಲ್ಲ;
ಹಳೆಯ ವಾಚಿನ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟಿದ್ದೇನೆ.
ನಾಲಗೆಗೆ ತಾಗಿಸಿ ನೋಡಿದ್ದನ್ನು ಮುಬೀನಾಗೆ ಹೇಳಿಲ್ಲ.
ನಮ್ಮ ಉಪ್ಪಿಗಿಂತ ಚೂರು ಕಹಿ.